‘ಸುಮಾರು’ ಎಂಬ ಲೆಕ್ಕಕ್ಕೂ ಗಣಿತವಿದೆ: ಅಂದಾಜಿನ ಅಂಕಿಗಳಿಂದ ಸಂಸ್ಥೆಯ ದಕ್ಷತೆ ಅಳೆಯುವುದು ಹೇಗೆ?

ಫೋಂಡಾ: ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಅನಮೋಡ ಘಾಟ್ ಇಳಿದು, ಮೊಲ್ಲೆಂ ದಾಟಿ ಪಣಜಿಗೆ ಹೋಗುವ ಬಸ್ಸುಗಳಿಗೆ ದಾರಿಯಲ್ಲಿ ಸಿಗುವ ದೊಡ್ಡ ಪಟ್ಟಣ ಫೋಂಡಾ. ಆದಿಲ್ ಶಾಹಿಗಳ ಕಾಲದ ಸಫಾ ಮಸೀದಿ ಇರುವ ಊರು. ಬೆತೋಡಾ, ಕುಂಡಯಿ ಕೈಗಾರಿಕಾ ವಸಾಹತುಗಳಿಗೆ ಕೆಲಸಕ್ಕೆ ಹೋಗುವವರು, ಫರ್ಮಾಗುಡಿಯ ಕಾಲೇಜುಗಳಿಗೆ ಹೋಗುವ ಮಕ್ಕಳು, ಸುತ್ತಲಿನ ಹಳ್ಳಿಗಳಿಂದ ಮಾರುಕಟ್ಟೆಗೆ ಬರುವವರು ಎಲ್ಲರಿಗೂ ಬಸ್ಸೇ ಆಧಾರ. ಸರಕಾರಿ ಕದಂಬ ಸಾರಿಗೆಯೂ ಇದೆ, ಖಾಸಗಿ ಬಸ್ಸುಗಳೂ ಇವೆ.

ಇಂತಹ ಬಸ್ ನಿಲ್ದಾಣದಲ್ಲಿ ಇಳಿದ ಯಾವುದೇ ಕಂಡಕ್ಟರ್ ಬಳಿ ‘ಬಸ್ಸಲ್ಲಿ ಎಷ್ಟು ಜನ ಇದ್ರು?’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಅರವತ್ತು ಎಪ್ಪತ್ತು ಜನ ಇರಬಹುದು.’ ಟಿಕೆಟ್ ಯಂತ್ರ ಟಿಕೆಟ್ ಲೆಕ್ಕ ಮಾತ್ರ ಕೊಡುತ್ತದೆ. ಪಾಸ್ ಇದ್ದವರು, ಮಡಿಲಲ್ಲಿ ಕೂತ ಮಕ್ಕಳು, ನಡುವೆ ಹತ್ತಿ ನಡುವೆ ಇಳಿದವರು ಎಲ್ಲರ ನಿಖರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಆದರೆ ವರ್ಷದ ಕೊನೆಗೆ ಮೇಲಿನ ಕಚೇರಿಯಲ್ಲಿ ಇದೇ ಅಂಕಿಗಳ ಮೇಲೆ ‘ಈ ಡಿಪೋ ಶೇ. 91 ದಕ್ಷ, ಆ ಡಿಪೋ ಶೇ. 58 ದಕ್ಷ’ ಎಂದು ಪಟ್ಟಿ ಸಿದ್ಧವಾದರೆ? ಆ ಪಟ್ಟಿ ನೋಡಿ ಹಳ್ಳಿಯ ಕೊನೆಯ ಬಸ್ಸು ನಿಲ್ಲಿಸಿಬಿಟ್ಟರೆ?

ಪ್ರಶ್ನೆ ಬಸ್ಸಿನದ್ದು ಮಾತ್ರವಲ್ಲ. ಶಾಲೆ, ಆಸ್ಪತ್ರೆ, ಪಡಿತರ ಅಂಗಡಿ, ಜಮಾಅತಿನ ವಿದ್ಯಾರ್ಥಿವೇತನ ನಿಧಿ, ಹೀಗೆ ಲಾಭಕ್ಕಾಗಿ ನಡೆಯದ ಎಲ್ಲ ಸಂಸ್ಥೆಗಳಿಗೂ ಇದು ಅನ್ವಯ. ಅಂಕಿ ಅಂದಾಜಿನದ್ದಾಗಿದ್ದರೂ ತೀರ್ಪು ಮಾತ್ರ ದಶಮಾಂಶದ ತನಕ ನಿಖರವಾಗಿ ಕಾಣುತ್ತದೆ. ಇದನ್ನು ಸರಿಪಡಿಸಲು ಗಣಿತದಲ್ಲಿ ದಾರಿ ಇದೆ. ಹೆಸರು ದೊಡ್ಡದು, ಒಳಗಿನ ವಿಚಾರ ಸರಳ.

ಒಂದೇ ಅಳತೆಗೋಲು ಸಾಲದು

ದಕ್ಷತೆ ಎಂದರೆ ಹಾಕಿದ್ದಕ್ಕೆ ಬಂದದ್ದೆಷ್ಟು ಎಂಬ ಲೆಕ್ಕ. ಒಂದು ಲೀಟರ್ ಡೀಸೆಲಿಗೆ ಎಷ್ಟು ಕಿಲೋಮೀಟರ್ ಎಂದು ಕೇಳಿದರೆ ಉತ್ತರ ಸುಲಭ. ಆದರೆ ಸಂಸ್ಥೆಯೊಂದಕ್ಕೆ ಹಾಕುವುದು ಒಂದೇ ವಸ್ತುವಲ್ಲ. ಡೀಸೆಲ್, ಸಿಬ್ಬಂದಿ, ಬಸ್ಸು, ಬಿಡಿಭಾಗ ಎಲ್ಲ ಬೇಕು. ಬರುವ ಫಲವೂ ಒಂದಲ್ಲ. ಪ್ರಯಾಣಿಕರ ಸಂಖ್ಯೆ ಒಂದು ಫಲ. ಬೇರೆ ವಾಹನವೇ ಹೋಗದ ಹಳ್ಳಿಗೆ ಹೋದ ಟ್ರಿಪ್ ಇನ್ನೊಂದು ಫಲ. ಇವೆರಡನ್ನು ಕೂಡಿಸುವುದು ಹೇಗೆ? ಒಂದು ಹಳ್ಳಿ ಟ್ರಿಪ್ ಎಷ್ಟು ಪ್ರಯಾಣಿಕರಿಗೆ ಸಮ?

1957ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಮೈಕೆಲ್ ಫಾರೆಲ್ ಇದಕ್ಕೊಂದು ದಾರಿ ತೋರಿಸಿದರು. ಕಾಲ್ಪನಿಕ ಆದರ್ಶದ ಜೊತೆ ಯಾರನ್ನೂ ಹೋಲಿಸಬೇಡಿ, ಅದೇ ಕೆಲಸ ಮಾಡುತ್ತಿರುವವರಲ್ಲಿ ಅತ್ಯುತ್ತಮರ ಜೊತೆ ಹೋಲಿಸಿ ಎಂಬುದು ಅವರ ವಿಚಾರದ ತಿರುಳು. 1978ರಲ್ಲಿ ಅಮೆರಿಕದ ಅಬ್ರಹಾಂ ಚಾರ್ನ್ಸ್, ವಿಲಿಯಂ ಕೂಪರ್ ಮತ್ತು ಎಡ್ವರ್ಡೊ ರೋಡ್ಸ್ ಇದನ್ನು ಹಲವು ಹೂಡಿಕೆ, ಹಲವು ಫಲಗಳಿಗೆ ವಿಸ್ತರಿಸಿದರು. ಈ ವಿಧಾನಕ್ಕೆ ‘ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್’, ಚಿಕ್ಕದಾಗಿ ‘ಡಿಇಎ’ ಎಂದು ಹೆಸರು.

ಇದು ಹುಟ್ಟಿದ್ದು ಕಾರ್ಖಾನೆಯ ಲೆಕ್ಕಕ್ಕಾಗಿ ಅಲ್ಲ ಎಂಬುದು ಗಮನಾರ್ಹ. ಬಡ ಮಕ್ಕಳಿಗಾಗಿ ಅಮೆರಿಕ ಸರಕಾರ ನಡೆಸಿದ ‘ಫಾಲೋ ಥ್ರೂ’ ಎಂಬ ಶಾಲಾ ಕಾರ್ಯಕ್ರಮದಿಂದ ಪ್ರಯೋಜನವಾಗಿದೆಯೇ ಎಂದು ನೋಡುವುದು ರೋಡ್ಸ್ ಅವರ ಸಂಶೋಧನೆಯಾಗಿತ್ತು. ಅಲ್ಲಿ ಫಲವೆಂದು ಎಣಿಸಿದ್ದರಲ್ಲಿ ಓದು, ಗಣಿತದ ಅಂಕಗಳ ಜೊತೆ ಮಗುವಿನ ಆತ್ಮಗೌರವವೂ ಇತ್ತು. ಆತ್ಮಗೌರವವನ್ನು ತಕ್ಕಡಿಯಲ್ಲಿಟ್ಟು ತೂಗಲು ಆಗೋದಿಲ್ಲ. ಅಂದ್ರೆ ಅಂದಾಜಿನ ಅಂಕಿಗಳ ಸಮಸ್ಯೆ ಈ ವಿಧಾನಕ್ಕೆ ಹುಟ್ಟಿನಿಂದಲೇ ಅಂಟಿಕೊಂಡಿದೆ.

ನಾಲ್ಕು ಡಿಪೋಗಳ ಕಥೆ

ವಿಧಾನ ಅರ್ಥವಾಗಲು ಒಂದು ಕಲ್ಪಿತ ಉದಾಹರಣೆ ಸಾಕು. ನಾಲ್ಕು ಡಿಪೋಗಳಿವೆ ಎಂದಿಟ್ಟುಕೊಳ್ಳಿ. ನಾಲ್ಕಕ್ಕೂ ಸಿಬ್ಬಂದಿ, ಬಸ್ಸು, ಡೀಸೆಲ್ ಸಮನಾಗಿ ಕೊಡಲಾಗಿದೆ. ದಿನದ ಫಲ ಮಾತ್ರ ಬೇರೆ ಬೇರೆ.

ಮೊದಲ ಡಿಪೋ: 900 ಪ್ರಯಾಣಿಕರು, 10 ಹಳ್ಳಿ ಟ್ರಿಪ್.
ಎರಡನೇ ಡಿಪೋ: 500 ಪ್ರಯಾಣಿಕರು, 30 ಹಳ್ಳಿ ಟ್ರಿಪ್.
ಮೂರನೇ ಡಿಪೋ: 600 ಪ್ರಯಾಣಿಕರು, 20 ಹಳ್ಳಿ ಟ್ರಿಪ್.
ನಾಲ್ಕನೇ ಡಿಪೋ: 400 ಪ್ರಯಾಣಿಕರು, 12 ಹಳ್ಳಿ ಟ್ರಿಪ್.

ಪ್ರಯಾಣಿಕರ ಲೆಕ್ಕ ಮಾತ್ರ ನೋಡಿದರೆ ಎರಡನೇ ಡಿಪೋಗೆ ಸಿಗುವುದು ಶೇ. 56 ಮಾತ್ರ. ಮೂರನೆಯದ್ದಕ್ಕೆ ಶೇ. 67. ಹಳ್ಳಿಗಳಿಗೆ ಅತಿ ಹೆಚ್ಚು ಬಸ್ಸು ಓಡಿಸಿದ ತಪ್ಪಿಗೆ ಎರಡನೇ ಡಿಪೋ ‘ದಕ್ಷತೆ ಇಲ್ಲದ’ ಡಿಪೋ ಆಗಿಬಿಡುತ್ತದೆ.

ಡಿಇಎ ಹೀಗೆ ಮಾಡುವುದಿಲ್ಲ. ಯಾವ ಫಲಕ್ಕೆ ಎಷ್ಟು ತೂಕ ಎಂಬುದನ್ನು ಮೇಲಿನವರು ಹೇರುವುದಿಲ್ಲ. ಪ್ರತಿ ಡಿಪೋಗೂ ತನಗೆ ಅತಿ ಅನುಕೂಲವಾದ ತೂಕ ಆರಿಸಿಕೊಳ್ಳಲು ಬಿಡುತ್ತದೆ. ಷರತ್ತು ಒಂದೇ: ಅದೇ ತೂಕದಲ್ಲಿ ಉಳಿದ ಎಲ್ಲರನ್ನೂ ಅಳೆಯಬೇಕು, ಯಾರಿಗೂ ಶೇ. 100ಕ್ಕಿಂತ ಹೆಚ್ಚು ಬರಬಾರದು. ತನಗೆ ಇಷ್ಟವಾದ ತಕ್ಕಡಿ ಆರಿಸಿಕೊಂಡ ಮೇಲೂ ಒಬ್ಬ ಹಿಂದೆ ಬಿದ್ದರೆ, ಆಗ ಅವನಿಗೆ ದೂರಲು ಕಾರಣ ಇರುವುದಿಲ್ಲ.

ಈ ಲೆಕ್ಕದಲ್ಲಿ ಮೊದಲ ಡಿಪೋ ಪ್ರಯಾಣಿಕರಲ್ಲಿ ಮುಂದು, ಎರಡನೆಯದ್ದು ಹಳ್ಳಿ ಟ್ರಿಪ್ಪಿನಲ್ಲಿ ಮುಂದು. ಎರಡಕ್ಕೂ ಶೇ. 100. ಇವೆರಡನ್ನು ಸೇರಿಸುವ ಗೆರೆಯೇ ಗಡಿರೇಖೆ. ಮೂರನೇ ಡಿಪೋ ಆ ಗೆರೆಯಿಂದ ಎಷ್ಟು ದೂರ? ಮೊದಲ ಡಿಪೋದ ಶೇ. 40, ಎರಡನೇ ಡಿಪೋದ ಶೇ. 60 ಬೆರೆಸಿದರೆ 660 ಪ್ರಯಾಣಿಕರು, 22 ಟ್ರಿಪ್ ಸಿಗುತ್ತದೆ. ಮೂರನೇ ಡಿಪೋ ಮಾಡಿದ್ದು 600 ಮತ್ತು 20. ಹಾಗಾಗಿ ಅದರ ದಕ್ಷತೆ ಸುಮಾರು ಶೇ. 91. ಇದೇ ರೀತಿ ನಾಲ್ಕನೆಯದ್ದಕ್ಕೆ ಶೇ. 58.

ಪ್ರತಿ ಡಿಪೋಗೂ ಸರಿಯಾದ ತೂಕ ಹುಡುಕಿಕೊಡುವ ಕೆಲಸ ಲೀನಿಯರ್ ಪ್ರೋಗ್ರಾಮಿಂಗಿನದ್ದು. ಅಮೆರಿಕದ ಜಾರ್ಜ್ ಡಾನ್‌ಜಿಗ್ 1947ರಲ್ಲಿ ಕೊಟ್ಟ ಸಿಂಪ್ಲೆಕ್ಸ್ ವಿಧಾನ ಇದಕ್ಕೆ ದಾರಿ ಮಾಡಿತು. ಈಗ ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲೇ ಇದನ್ನು ಬಿಡಿಸಬಹುದು. ಇಂತಹ ಹಂತಹಂತದ ಲೆಕ್ಕಕ್ಕೆ ‘ಅಲ್ಗಾರಿದಂ’ ಎಂಬ ಹೆಸರು ಬಂದದ್ದೇ ಒಂಬತ್ತನೇ ಶತಮಾನದ ಬಗ್ದಾದಿನ ವಿದ್ವಾಂಸ ಅಲ್ ಖವಾರಿಝ್ಮಿ ಅವರಿಂದ. ಅವರ ಬೀಜಗಣಿತದ ಗ್ರಂಥದ ದೊಡ್ಡ ಭಾಗ ವಾರಸುದಾರರಿಗೆ ಆಸ್ತಿ ಹಂಚುವ ಲೆಕ್ಕಕ್ಕೇ ಮೀಸಲು. ನ್ಯಾಯವಾಗಿ ಪಾಲು ಮಾಡುವುದಕ್ಕೂ ಗಣಿತಕ್ಕೂ ಸಂಬಂಧ ಹಳೆಯದು.

‘ಸುಮಾರು ಎಂಟುನೂರು ಜನ’

ಮೇಲಿನ ಲೆಕ್ಕದಲ್ಲಿ ಒಂದು ದೋಷ ಉಳಿದಿದೆ. ಮೂರನೇ ಡಿಪೋದ 600 ಎಂಬುದು ನಿಜವಾಗಿ 600 ಅಲ್ಲ. ಅದು ‘ಸುಮಾರು 600’.

ಮದುವೆ ಮನೆಯಲ್ಲಿ ಬಿರಿಯಾನಿಗೆ ಹೇಳುವಾಗ ಹುಡುಗಿಯ ತಂದೆ ‘ಸುಮಾರು ಎಂಟುನೂರು ಜನ ಆಗಬಹುದು’ ಅನ್ನುತ್ತಾರೆ. ಅನುಭವಿ ಅಡುಗೆಯವರು ಸರಿಯಾಗಿ ಎಂಟುನೂರು ತಟ್ಟೆಗೆ ಅಕ್ಕಿ ತೂಗುವುದಿಲ್ಲ. ಏಳುನೂರೈವತ್ತಕ್ಕೆ ಕಡಿಮೆಯಾಗದು, ಒಂಬೈನೂರಕ್ಕೆ ಹೆಚ್ಚಾಗದು ಎಂದು ಮನಸ್ಸಲ್ಲೇ ಎರಡು ಗಡಿ ಹಾಕಿಕೊಂಡು ಸಿದ್ಧತೆ ಮಾಡುತ್ತಾರೆ. ಕಚೇರಿಯ ಲೆಕ್ಕದಲ್ಲಿ ಕಾಣೆಯಾಗುವುದು ಈ ಎರಡು ಗಡಿಗಳೇ.

1990ರ ದಶಕದಿಂದ ಗಣಿತಜ್ಞರು ಇದನ್ನೇ ಡಿಇಎಯೊಳಗೆ ತಂದರು. 1999ರಲ್ಲಿ ಕೂಪರ್ ಅವರೇ ಕ್ಯುಂಗ್ ಸ್ಯಾಂ ಪಾರ್ಕ್ ಮತ್ತು ಗ್ಯಾಂಗ್ ಯು ಜೊತೆ ಸೇರಿ ನಿಖರವಲ್ಲದ ಅಂಕಿಗಳಿಗಾಗಿ ವಿಧಾನವನ್ನು ತಿದ್ದಿದರು. 2002ರಲ್ಲಿ ಗ್ರೀಸಿನ ಡೆಸ್ಪೋಟಿಸ್ ಮತ್ತು ಸ್ಮಿರ್ಲಿಸ್ ಪ್ರತಿ ಸಂಸ್ಥೆಗೂ ಒಂದಲ್ಲ, ಎರಡು ಅಂಕ ಕೊಡುವ ರೀತಿ ತೋರಿಸಿದರು. ಪರಿಸ್ಥಿತಿ ಅತಿ ಅನುಕೂಲವಾಗಿದ್ದರೆ ಸಿಗುವ ಅಂಕ ಒಂದು, ಅತಿ ಪ್ರತಿಕೂಲವಾಗಿದ್ದರೆ ಸಿಗುವ ಅಂಕ ಇನ್ನೊಂದು.

ನಾಲ್ಕು ಡಿಪೋಗಳಿಗೆ ಇದನ್ನು ಹಚ್ಚಿ ನೋಡಬಹುದು. ಟ್ರಿಪ್ಪುಗಳ ಲೆಕ್ಕ ಡಿಪೋ ಪುಸ್ತಕದಲ್ಲಿ ಸರಿಯಾಗಿದೆ ಎಂದಿಟ್ಟುಕೊಳ್ಳಿ. ಪ್ರಯಾಣಿಕರ ಲೆಕ್ಕ ಮಾತ್ರ ಅಂದಾಜು. ಮೊದಲ ಡಿಪೋ 850ರಿಂದ 950, ಎರಡನೆಯದ್ದು 450ರಿಂದ 550, ಮೂರನೆಯದ್ದು 550ರಿಂದ 700, ನಾಲ್ಕನೆಯದ್ದು 350ರಿಂದ 450.

ಮೂರನೇ ಡಿಪೋಗೆ ಅತಿ ಅನುಕೂಲ ಎಂದರೆ ಅದರ ಬಸ್ಸುಗಳಲ್ಲಿ 700 ಜನ ಇದ್ದರು, ಉಳಿದವರ ಬಸ್ಸುಗಳಲ್ಲಿ ಕನಿಷ್ಠ ಜನ ಇದ್ದರು ಎಂದು ಭಾವಿಸುವುದು. ಆಗ ಅದರ ದಕ್ಷತೆ ಶೇ. 100. ಅತಿ ಪ್ರತಿಕೂಲ ಎಂದರೆ ತಾನು 550, ಉಳಿದವರು ಗರಿಷ್ಠ. ಆಗ ಸುಮಾರು ಶೇ. 83. ಅಂದ್ರೆ ಮೂರನೇ ಡಿಪೋದ ದಕ್ಷತೆ 91 ಅಲ್ಲ. ಅದು 83ರಿಂದ 100ರ ನಡುವೆ ಎಲ್ಲೋ ಇದೆ. ‘91’ ಎಂದು ಬರೆದವರು ಸುಳ್ಳು ಹೇಳಿಲ್ಲ, ಆದರೆ ತಮಗೆ ಗೊತ್ತಿದ್ದುದಕ್ಕಿಂತ ಹೆಚ್ಚು ಹೇಳಿದ್ದಾರೆ.

ನಾಲ್ಕನೇ ಡಿಪೋದ ಕಥೆ ಬೇರೆ. ಅದಕ್ಕೆ ಎಷ್ಟೇ ಅನುಕೂಲವಾಗಿ ಲೆಕ್ಕ ಹಾಕಿದರೂ ಶೇ. 66 ದಾಟುವುದಿಲ್ಲ, ಪ್ರತಿಕೂಲವಾಗಿ ಹಾಕಿದರೆ ಶೇ. 51. ಮೊದಲ ಮತ್ತು ಎರಡನೇ ಡಿಪೋಗಳಿಗೆ ಎಷ್ಟೇ ಪ್ರತಿಕೂಲವಾಗಿ ಹಾಕಿದರೂ ಶೇ. 100 ತಪ್ಪುವುದಿಲ್ಲ.

ಈ ವಿಧಾನದ ದೊಡ್ಡ ಪ್ರಯೋಜನ ಇಲ್ಲಿದೆ. ‘ಅಂಕಿಗಳೇ ಸರಿಯಿಲ್ಲ, ಇನ್ನೇನು ಅಳೆಯೋದು’ ಎಂದು ಕೈಚೆಲ್ಲಬೇಕಾಗಿಲ್ಲ. ಅಂದಾಜಿನ ಅಂಕಿಗಳಿಂದಲೂ ಕೆಲವು ತೀರ್ಮಾನ ಗಟ್ಟಿಯಾಗಿ ಹೇಳಬಹುದು. ಒಂದು ಮತ್ತು ಎರಡು ಚೆನ್ನಾಗಿವೆ, ನಾಲ್ಕರಲ್ಲಿ ಏನೋ ತೊಂದರೆ ಇದೆ. ಮೂರರ ಬಗ್ಗೆ ಈಗ ತೀರ್ಪು ಕೊಡುವ ಹಾಗಿಲ್ಲ. ಅಲ್ಲಿ ಮೊದಲು ಒಂದು ವಾರ ಜನ ನಿಲ್ಲಿಸಿ ಪ್ರಯಾಣಿಕರನ್ನು ಎಣಿಸಬೇಕು. ಎಲ್ಲ ಡಿಪೋಗಳಲ್ಲೂ ದುಬಾರಿ ಗಣತಿ ಬೇಕಿಲ್ಲ, ಎಲ್ಲಿ ಬೇಕು ಎಂಬುದನ್ನೂ ಲೆಕ್ಕವೇ ಹೇಳಿತು.

ಝಾದೆ ಅವರ ‘ಫಝಿ’ ಗಣಿತ

ಎರಡು ಗಡಿಗಳ ನಡುವಿನ ಎಲ್ಲ ಅಂಕಿಗಳೂ ಸಮನಾಗಿ ಸಂಭವನೀಯ ಅಲ್ಲ. ಸುಮಾರು 600 ಎಂದಾಗ 610 ಆಗಿರಬಹುದು ಎಂದು ಒಪ್ಪುವುದು ಸುಲಭ, 690 ಎಂದರೆ ಸ್ವಲ್ಪ ಕಷ್ಟ. ಈ ‘ಸ್ವಲ್ಪ’ವನ್ನು ಗಣಿತಕ್ಕೆ ತಂದವರು ಲೊಟ್ಫಿ ಝಾದೆ. 1921ರಲ್ಲಿ ಬಾಕುವಿನಲ್ಲಿ ಹುಟ್ಟಿ, ಟೆಹರಾನ್‌ನಲ್ಲಿ ಇಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋಗಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಆದವರು. 2017ರಲ್ಲಿ ನಿಧನರಾದರು.

1965ರಲ್ಲಿ ಅವರು ಮಂಡಿಸಿದ ‘ಫಝಿ ಸೆಟ್’ ಸಿದ್ಧಾಂತದಲ್ಲಿ ಒಂದು ವಸ್ತು ಗುಂಪಿಗೆ ಸೇರಿದೆ ಅಥವಾ ಸೇರಿಲ್ಲ ಎಂಬ ಎರಡೇ ಉತ್ತರ ಇಲ್ಲ. 0ಯಿಂದ 1ರ ನಡುವೆ ಎಷ್ಟರಮಟ್ಟಿಗೆ ಸೇರಿದೆ ಎಂಬ ಉತ್ತರ ಇರುತ್ತದೆ. ಮೊದಮೊದಲು ಹಲವು ವಿದ್ವಾಂಸರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆದರೆ 1987ರಲ್ಲಿ ಜಪಾನಿನ ಸೆಂಡಾಯ್ ನಗರದ ಮೆಟ್ರೊ ರೈಲು ಇದೇ ತತ್ವದ ನಿಯಂತ್ರಣದಲ್ಲಿ ಓಡಲು ಶುರುವಾಯಿತು. ‘ಸ್ವಲ್ಪ ಬ್ರೇಕ್ ಹಾಕು’ ಎಂಬುದನ್ನು ಯಂತ್ರಕ್ಕೆ ಅರ್ಥ ಮಾಡಿಸಲು ಸಾಧ್ಯ ಎಂದು ಆಗ ಜನರಿಗೆ ಮನವರಿಕೆಯಾಯಿತು.

2000ದಲ್ಲಿ ತೈವಾನಿನ ಚಿಯಾಂಗ್ ಕಾವ್ ಮತ್ತು ಲಿಯು ಇದನ್ನು ಡಿಇಎ ಜೊತೆ ಜೋಡಿಸಿದರು. ಮೂರನೇ ಡಿಪೋದ ‘ಸುಮಾರು 600’ಕ್ಕೆ ಬೆಟ್ಟದ ಆಕಾರ ಕೊಡುವುದು ಇಲ್ಲಿನ ಕ್ರಮ. ತುದಿ 600ರಲ್ಲಿ, ಬುಡ 550ರಿಂದ 700ರ ತನಕ. ಉಳಿದ ಡಿಪೋಗಳಿಗೂ ಹಾಗೆಯೇ. ನಂತರ ಬೆಟ್ಟವನ್ನು ಬೇರೆ ಬೇರೆ ಎತ್ತರದಲ್ಲಿ ಅಡ್ಡಲಾಗಿ ಕತ್ತರಿಸಿ, ಪ್ರತಿ ಎತ್ತರದಲ್ಲೂ ಎರಡೆರಡು ಅಂಕ ಲೆಕ್ಕ ಹಾಕಬೇಕು. ಬುಡದಲ್ಲಿ ದಕ್ಷತೆ 83ರಿಂದ 100. ಅರ್ಧ ಎತ್ತರದಲ್ಲಿ ಸುಮಾರು 87ರಿಂದ 98. ತುದಿಯಲ್ಲಿ 91. ಒಂದೇ ಅಂಕದ ಬದಲು ಎಷ್ಟು ಭರವಸೆಗೆ ಎಷ್ಟು ಅಗಲದ ಉತ್ತರ ಎಂಬ ಪೂರ್ತಿ ಚಿತ್ರ ಸಿಗುತ್ತದೆ.

ಎಚ್ಚರ ಎಲ್ಲಿ ಬೇಕು?

ಮೊದಲನೆಯದು, ಶೇ. 100 ಎಂದರೆ ಪರಿಪೂರ್ಣ ಎಂದಲ್ಲ. ಹೋಲಿಸಿದ ಗುಂಪಿನಲ್ಲಿ ಇದಕ್ಕಿಂತ ಮುಂದಿರುವವರು ಯಾರೂ ಇಲ್ಲ ಎಂದಷ್ಟೇ ಅರ್ಥ. ಎಲ್ಲರೂ ಸೋಮಾರಿಗಳಾಗಿದ್ದರೆ ಅವರಲ್ಲಿ ಕಡಿಮೆ ಸೋಮಾರಿಗೂ ನೂರು ಬರುತ್ತದೆ.

ಎರಡನೆಯದು, ಗುಂಪು ದೊಡ್ಡದಿರಬೇಕು. ಹೂಡಿಕೆ ಮತ್ತು ಫಲಗಳ ಒಟ್ಟು ಸಂಖ್ಯೆಯ ಕನಿಷ್ಠ ಮೂರು ಪಟ್ಟು ಸಂಸ್ಥೆಗಳು ಬೇಕು ಎಂಬುದು ಬಳಕೆಯಲ್ಲಿರುವ ನಿಯಮ. ಮೇಲಿನ ಉದಾಹರಣೆಯಲ್ಲಿ ಒಂದು ಹೂಡಿಕೆ, ಎರಡು ಫಲ ಎಂದಾದರೂ ಒಂಬತ್ತು ಡಿಪೋ ಬೇಕಿತ್ತು. ನಾಲ್ಕು ಇದ್ದದ್ದು ವಿವರಣೆಗೆ ಮಾತ್ರ.

ಮೂರನೆಯದು, ತೂಕ ಆರಿಸುವ ಸ್ವಾತಂತ್ರ್ಯದ ದುರುಪಯೋಗವೂ ಸಾಧ್ಯ. ಎರಡನೇ ಡಿಪೋ ಪ್ರಯಾಣಿಕರಿಗೆ ಸೊನ್ನೆ ತೂಕ ಕೊಟ್ಟು, ಟ್ರಿಪ್ಪುಗಳಿಂದಲೇ ನೂರು ಗಿಟ್ಟಿಸಬಹುದು. ನಾಳೆ ಯಾರಾದರೂ ಖಾಲಿ ಬಸ್ಸು ಓಡಿಸಿ ‘ನಾವೇ ದಕ್ಷರು’ ಎನ್ನಬಹುದು. ಅದಕ್ಕಾಗಿ ತೂಕಗಳಿಗೆ ಮಿತಿ ಹಾಕುತ್ತಾರೆ. ಆ ಮಿತಿ ಎಷ್ಟಿರಬೇಕು ಎಂಬುದನ್ನು ಗಣಿತ ಹೇಳುವುದಿಲ್ಲ. ಹಳ್ಳಿಯ ಬಸ್ಸಿಗೆ ಎಷ್ಟು ಬೆಲೆ ಎಂದು ಜನರೇ ಕೂತು ತೀರ್ಮಾನಿಸಬೇಕು.

ನಾಲ್ಕನೆಯದು, ಹಿಂದೆ ಬಿದ್ದವರನ್ನು ಬೈಯುವ ಮೊದಲು ಕಾರಣ ಕೇಳಬೇಕು. ನಾಲ್ಕನೇ ಡಿಪೋದ ದಾರಿ ಘಾಟಿಯಲ್ಲಿರಬಹುದು, ಬಸ್ಸುಗಳು ಹಳೆಯದಿರಬಹುದು. ಮಳೆಗಾಲದ ಕರಾವಳಿ ರಸ್ತೆಯನ್ನೂ ಬಯಲುಸೀಮೆಯ ನೇರ ರಸ್ತೆಯನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಕೆಎಸ್ಸಾರ್ಟಿಸಿಯಿಂದ 1997ರಲ್ಲಿ ಬೇರೆಯಾಗಿ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡ ವಾಯವ್ಯ ಸಾರಿಗೆಯನ್ನು ಬೆಂಗಳೂರಿನ ಬಿಎಂಟಿಸಿ ಜೊತೆ ನೇರವಾಗಿ ಹೋಲಿಸುವುದು ಕಷ್ಟ ಎನ್ನುವುದೂ ಇದಕ್ಕೇ.

ಐದನೆಯದು, ಎಣಿಸುವ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಮಹಿಳೆಯರ ಉಚಿತ ಪ್ರಯಾಣಕ್ಕೂ ಶೂನ್ಯ ಟಿಕೆಟ್ ಕೊಡಲಾಗುತ್ತಿದೆ. ಪಾಸ್ ತೋರಿಸಿ ಹೋಗುತ್ತಿದ್ದ ಮಹಿಳೆ ಈಗ ಪ್ರತಿ ಸಲ ಟಿಕೆಟ್ ಪಡೆದರೆ ಆಕೆ ಪ್ರತಿ ಸಲವೂ ಲೆಕ್ಕಕ್ಕೆ ಬರುತ್ತಾಳೆ. ಹಿಂದಿನ ಅಂಕಿ, ಈಗಿನ ಅಂಕಿ ಪಕ್ಕಪಕ್ಕ ಇಡುವಾಗ ಇದು ನೆನಪಿರಬೇಕು.

ಜಮಾಅತ್ ಸಂಸ್ಥೆಗಳಿಗೆ ಏನು ಪಾಠ?

ಕರಾವಳಿಯ ಬ್ಯಾರಿ ಸಮುದಾಯ ಕಳೆದ ಕೆಲವು ದಶಕಗಳಲ್ಲಿ ಶಾಲೆ, ಕಾಲೇಜು, ಹಾಸ್ಟೆಲ್, ಟ್ರಸ್ಟ್‌ಗಳನ್ನು ಕಟ್ಟಿದೆ. ಗೋವಾ, ಮುಂಬೈ, ಗಲ್ಫಿನಲ್ಲಿ ದುಡಿದವರ ಹಣ ಇವುಗಳಲ್ಲಿದೆ. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ವರದಿ ಓದಲಾಗುತ್ತದೆ. ‘ಎಸೆಸೆಲ್ಸಿ ಫಲಿತಾಂಶ ಎಷ್ಟು?’ ಎಂಬ ಒಂದೇ ಪ್ರಶ್ನೆಯ ಮೇಲೆ ಶಾಲೆಯ ಮರ್ಯಾದೆ ನಿಂತಿರುತ್ತದೆ.

ಆದರೆ ಮನೆಯಲ್ಲಿ ಯಾರೂ ಓದದ ಕುಟುಂಬದ ಮಗುವನ್ನು ಹತ್ತನೇ ತರಗತಿವರೆಗೆ ಉಳಿಸಿಕೊಂಡ ಶಾಲೆಯ ಶೇ. 80ಕ್ಕೂ, ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿದ ಶಾಲೆಯ ಶೇ. 95ಕ್ಕೂ ಅರ್ಥ ಒಂದೇ ಅಲ್ಲ. ಶಾಲೆ ಬಿಡಬೇಕಾಗಿದ್ದ ಎಷ್ಟು ಹೆಣ್ಣುಮಕ್ಕಳನ್ನು ಉಳಿಸಿದಿರಿ ಎಂದು ಕೇಳಿದರೆ ಮುಖ್ಯೋಪಾಧ್ಯಾಯರು ‘ಹತ್ತು ಹನ್ನೆರಡು ಇರಬಹುದು’ ಎಂದೇ ಹೇಳಿಯಾರು. ಆ ಉತ್ತರ ನಿಖರವಲ್ಲ ಎಂಬ ಕಾರಣಕ್ಕೆ ವರದಿಯಿಂದ ಬಿಟ್ಟುಹೋದರೆ ಶಾಲೆಯ ಅತಿ ಮುಖ್ಯ ಕೆಲಸವೇ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಅಳೆಯಲು ಸುಲಭವಾದದ್ದು ಮಾತ್ರ ಬೆಳೆಯುತ್ತದೆ.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಾಗಿಲ್ಲ. ವರದಿಯಲ್ಲಿ ಒಂದು ಅಂಕಿಯ ಜಾಗದಲ್ಲಿ ಮೂರು ಕಾಲಂ ಹಾಕಿದರೆ ಆರಂಭವಾಯಿತು: ಕಡಿಮೆ ಎಂದರೆ ಎಷ್ಟು, ಹೆಚ್ಚಾಗಿ ಎಷ್ಟಿರಬಹುದು, ಹೆಚ್ಚೆಂದರೆ ಎಷ್ಟು. ಝಕಾತ್ ಸಮಿತಿ ‘ಈ ವರ್ಷ ಸ್ವಾವಲಂಬಿಗಳಾದ ಕುಟುಂಬಗಳು’ ಎಂಬ ಸಾಲಿನ ಮುಂದೆ ಒಂದು ದುಂಡು ಸಂಖ್ಯೆ ಬರೆಯುವ ಬದಲು ಹೀಗೆ ಬರೆದರೆ, ಓದುವವರಿಗೆ ಗೊತ್ತಿರುವುದೆಷ್ಟು, ಊಹೆ ಎಷ್ಟು ಎಂದು ತಿಳಿಯುತ್ತದೆ. ಹತ್ತಾರು ಸಂಸ್ಥೆಗಳು ಹೀಗೆ ಬರೆದಿಟ್ಟರೆ ಉಳಿದ ಲೆಕ್ಕವನ್ನು ಯಾವುದೇ ಇಂಜಿನಿಯರಿಂಗ್ ಕಾಲೇಜಿನ ಆಸಕ್ತ ವಿದ್ಯಾರ್ಥಿಗಳು ಮಾಡಿಕೊಡಬಲ್ಲರು. ಫೋಂಡಾ ಪಕ್ಕದ ಫರ್ಮಾಗುಡಿಯಲ್ಲೂ ಅಂತಹ ಕಾಲೇಜಿದೆ, ಮಂಗಳೂರಿನಲ್ಲಂತೂ ಹಲವಾರಿವೆ.

ಬಸ್ ನಿಲ್ದಾಣದ ಕಂಡಕ್ಟರ್ ಹೇಳಿದ ‘ಅರವತ್ತು ಎಪ್ಪತ್ತು ಜನ ಇರಬಹುದು’ ಎಂಬ ಮಾತು ಪ್ರಾಮಾಣಿಕವಾಗಿತ್ತು. ಅದನ್ನು 65 ಎಂದು ಬರೆದುಕೊಂಡ ಕೂಡಲೇ ಹತ್ತು ಜನರ ಅನುಮಾನ ಕಾಗದದಿಂದ ಅಳಿಸಿಹೋಯಿತು. ಸಂಜೆಯ ಪಾಳಿ ಮುಗಿಸಿ ಹಳ್ಳಿಯ ಕೊನೆಯ ಬಸ್ಸಿಗೆ ಕಾಯುವವರು ಕೆಲವೊಮ್ಮೆ ಆ ಹತ್ತು ಜನರಲ್ಲೇ ಇರುತ್ತಾರೆ.